ಹತ್ತನೇ ವರ್ಷಕ್ಕೆ ಯಾವುದು ನೆಟ್ಟಗೆ ನಿಂತಿರುತ್ತದೆ? ಆಕ್ಷನ್ ಫಿಗರ್‌ಗಳ ಬಾಳಿಕೆಯ ವಿಮರ್ಶೆ

ಆಕ್ಷನ್ ಫಿಗರ್‌ಗಳ, ಅಂದರೆ ಕೀಲು ಆಡಿಸಿ ಬೇಕಾದ ಭಂಗಿಯಲ್ಲಿ ನಿಲ್ಲಿಸುವ ಗೊಂಬೆಗಳ, ವಿಮರ್ಶೆ ಎಂದರೆ ಸಾಮಾನ್ಯವಾಗಿ ಡಬ್ಬ ತೆರೆದ ದಿನದ ಸಂಭ್ರಮ. ಮುಖ ಎಷ್ಟು ಹೋಲುತ್ತದೆ, ಕೀಲುಗಳು ಎಷ್ಟಿವೆ, ಬದಲಿ ಕೈಗಳು ಎಷ್ಟು ಜೊತೆ ಬಂದಿವೆ, ಇಷ್ಟರಲ್ಲೇ ಮಾತು ಮುಗಿಯುತ್ತದೆ. ಮೊದಲ ದಿನ ಯಾವ ಗೊಂಬೆ ತಾನೇ ಚೆನ್ನಾಗಿ ಕಾಣುವುದಿಲ್ಲ? ಇಲ್ಲಿ ಅಂಕ ಕೊಡುತ್ತಿರುವುದು ಹತ್ತು ವರ್ಷ ಕಪಾಟಿನಲ್ಲಿ ನಿಂತ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ ಎನ್ನುವುದಕ್ಕೆ. ಆ ಲೆಕ್ಕಕ್ಕೆ ಬಂದರೆ ಬೆಲೆಯ ಪಟ್ಟಿ ತಲೆಕೆಳಗಾಗುತ್ತದೆ. ಬಟ್ಟೆ ತೊಟ್ಟ, ಚರ್ಮದಂಥ ಜಾಕೆಟ್ ಹಾಕಿದ ದುಬಾರಿ 1/6 ಅಳತೆಯ (ನಿಜ ಗಾತ್ರದ ಆರನೇ ಒಂದು ಭಾಗದ) ಫಿಗರ್ ಎಲ್ಲಕ್ಕಿಂತ ಮೊದಲು ಹಾಳಾಗುತ್ತದೆ. ಅದರ ಪಕ್ಕದಲ್ಲಿರುವ, ಮೈಯೆಲ್ಲ ಪ್ಲಾಸ್ಟಿಕ್ಕಿನ 6 ಇಂಚಿನ ಅಗ್ಗದ ಗೊಂಬೆ ಸ್ವಲ್ಪ ವಾಲಿಕೊಂಡಾದರೂ ನಿಂತೇ ಇರುತ್ತದೆ.

ಕಾರಣ ಇರುವುದು ಶಿಲ್ಪದಲ್ಲಲ್ಲ, ವಸ್ತುವಿನಲ್ಲಿ. ಒಂದು ಫಿಗರ್‌ನಲ್ಲಿ ಹೆಚ್ಚಾಗಿ ಮೂರು ಬಗೆಯ ಪ್ಲಾಸ್ಟಿಕ್ ಇರುತ್ತವೆ. ಮುಖ, ಕೂದಲು, ಕೈಬೆರಳು, ಮೇಲಂಗಿಯ ಅಂಚಿನಂಥ ಬಾಗಬೇಕಾದ ಭಾಗಗಳಿಗೆ ಮೆದು ಪಿವಿಸಿ. ಎದೆ, ತೊಡೆ, ಕವಚದಂಥ ಗಟ್ಟಿ ಭಾಗಗಳಿಗೆ ಎಬಿಎಸ್. ಒಳ್ಳೆಯ ತಯಾರಿಕೆಯಾದರೆ ಕೀಲಿನೊಳಗೆ ಪಿಒಎಂ, ಅಂದರೆ ಪಾಲಿಅಸಿಟಾಲ್. ಇದು ಮುಟ್ಟಿದರೆ ಮೇಣದಂತೆ ಜಾರುತ್ತದೆ, ಸುಲಭಕ್ಕೆ ಸವೆಯುವುದಿಲ್ಲ. ಆದರೆ ಬಣ್ಣವೂ ಹಿಡಿಯದು, ಅಂಟೂ ಹಿಡಿಯದು. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಈ ಹೆಸರುಗಳನ್ನು ಅಚ್ಚು ಮಾಡಿರುತ್ತಾರೆ. ಕೊಳ್ಳುವ ಮುಂಚೆ ಓದಬೇಕಾದದ್ದು ಅದನ್ನೇ. ಕೆಲವು ಜಪಾನಿ ಡಬ್ಬಗಳ ಮೇಲೆ ಕಾಣುವ 'ಎಟಿಬಿಸಿ-ಪಿವಿಸಿ' ಎಂದರೆ ಪಿವಿಸಿಯನ್ನು ಮೆದು ಮಾಡಲು ಥ್ಯಾಲೇಟ್ ಬದಲು ಸಿಟ್ರೇಟ್ ಬಗೆಯ ದ್ರವ ಬಳಸಿದ್ದಾರೆ ಎಂದರ್ಥ. ಆರೋಗ್ಯದ ದೃಷ್ಟಿಯಿಂದ ಅದು ಒಳ್ಳೆಯದೇ. ಬಾಳಿಕೆಯ ದೃಷ್ಟಿಯಿಂದ ಹೇಳುವುದಾದರೆ, ಅದೂ ಕಾಲಕ್ರಮೇಣ ಹೊರಗೆ ಜಿನುಗುವ ದ್ರವವೇ.

1/12 ಅಳತೆಯ ಸೂಕ್ಷ್ಮ ಕೀಲಿನವು: 10ಕ್ಕೆ 8

ಜಪಾನಿನ ಬಂದಾಯಿ ಕಂಪನಿಯ ಎಸ್.ಎಚ್. ಫಿಗುವಾರ್ಟ್ಸ್, ಮ್ಯಾಕ್ಸ್ ಫ್ಯಾಕ್ಟರಿಯ ಫಿಗ್ಮಾ ಈ ಗುಂಪಿಗೆ ಸೇರಿದವು. ಎರಡೂ ಸಾಲುಗಳು 2008ರಲ್ಲಿ ಶುರುವಾದವು. ಹಗುರ ಮೈ, ಚಿಕ್ಕ ಗಟ್ಟಿ ಕೀಲು, ತೆಳು ಬಣ್ಣ. ಫಿಗ್ಮಾ ಜೊತೆ ಬೆನ್ನಿಗೆ ಸಿಕ್ಕಿಸುವ ಸ್ಟ್ಯಾಂಡ್ ಬರುತ್ತದೆ. ಅದು ಅಲಂಕಾರಕ್ಕಲ್ಲ, ಹಿಮ್ಮಡಿಯ ಕೀಲಿನ ಆಯುಷ್ಯ ಇರುವುದೇ ಆ ಸ್ಟ್ಯಾಂಡಿನಲ್ಲಿ. ಡಬ್ಬದಲ್ಲೇ ಬಿಟ್ಟರೆ ಅದು ಬಂದೂ ಬಾರದ ಹಾಗೆ.

ಈ ಗುಂಪಿನ ಗೊಂಬೆಗಳು ಮುರಿಯುವುದು ಹೆಚ್ಚಾಗಿ ಒಂದೇ ಜಾಗದಲ್ಲಿ, ಮಣಿಕಟ್ಟಿನ ಪೆಗ್‌ನಲ್ಲಿ. 2 ಮಿ.ಮೀ. ಆಸುಪಾಸಿನ ದಪ್ಪದ ಆ ಗೂಟ ಒಂದು ಕಡೆ ಕೈಗೆ, ಇನ್ನೊಂದು ಕಡೆ ತೋಳಿಗೆ ಸಿಕ್ಕಿಕೊಂಡಿರುತ್ತದೆ. ಕೈ ಬದಲಿಸುವಾಗ ಬೆರಳುಗಳನ್ನು ಹಿಡಿದು ತಿರುಗಿಸಿ ಎಳೆದರೆ, ಮೆದು ಪಿವಿಸಿ ಕೈ ಹಿಗ್ಗುತ್ತದೆ, ತಿರುಚಿದ ಬಲವೆಲ್ಲ ಪೆಗ್‌ನ ಕತ್ತಿನ ಮೇಲೆ ಬೀಳುತ್ತದೆ. ಮೊದಲು ಅಲ್ಲೊಂದು ಬಿಳಿ ಗೆರೆ ಕಾಣಿಸುತ್ತದೆ. ಪ್ಲಾಸ್ಟಿಕ್ ಒಳಗೊಳಗೇ ಹರಿಯಲು ಶುರುವಾದ ಗುರುತು ಅದು. ಆ ಗೆರೆ ಕಂಡ ಪೆಗ್ ಹೆಚ್ಚು ದಿನ ಬಾಳುವುದಿಲ್ಲ.

ಸರಿಯಾದ ಕ್ರಮ ಹೀಗೆ: ಕೈಯ ಭಾಗಕ್ಕೆ ಮಾತ್ರ ಹೇರ್ ಡ್ರೈಯರ್‌ನ ಬಿಸಿಗಾಳಿ 20ರಿಂದ 30 ಸೆಕೆಂಡ್, ಒಂದು ಗೇಣು ದೂರದಿಂದ. ಇಲ್ಲವೇ ಆ ಭಾಗವನ್ನಷ್ಟೇ ಬಿಸಿನೀರಿನಲ್ಲಿ ಅದ್ದಬಹುದು. ಪಿವಿಸಿ ಮೆತ್ತಗಾದ ಮೇಲೆ ಪೆಗ್‌ನ ಬುಡದ ಹತ್ತಿರ ಹಿಡಿದು, ತಿರುಚದೆ, ನೇರವಾಗಿ ಎಳೆಯಬೇಕು. ಹಾಕುವಾಗಲೂ ಇದೇ ರೀತಿ. ಗೊಂಬೆಯನ್ನು ಫ್ರೀಜರಿನಲ್ಲಿಟ್ಟು ಪೆಗ್ ಕುಗ್ಗಿಸುವ ಉಪಾಯವನ್ನೂ ಹಲವರು ಹೇಳುತ್ತಾರೆ. ಪೆಗ್ ಕುಗ್ಗುವುದು ನಿಜ. ಆದರೆ ತಣ್ಣಗಾದ ಪ್ಲಾಸ್ಟಿಕ್ ಪೆಡಸಾಗುತ್ತದೆ ಎಂಬುದೂ ಅಷ್ಟೇ ನಿಜ. ಅದಕ್ಕೆ ಮೊದಲು ಬಿಸಿ, ಫ್ರೀಜರ್ ಏನಿದ್ದರೂ ಕೊನೆಯ ಪ್ರಯತ್ನ.

ಹೊಸ ಗೊಂಬೆಯ ಮೊಣಕಾಲೋ ಮೊಣಕೈಯೋ ಕದಲದಿದ್ದರೆ ಬಣ್ಣ ಕೀಲಿನೊಳಗೆ ಹರಿದು ಅಂಟಿಕೊಂಡಿದೆ ಎಂದು ತಿಳಿಯಿರಿ. ಬಲವಂತ ಮಾಡಿದರೆ ಗಂಟು ಮುರಿಯುತ್ತದೆ. ಬಿಸಿ ಕೊಟ್ಟು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಆಡಿಸುತ್ತ ಬಿಡಿಸಬೇಕು. ಆಮೇಲೆ ಸೂಜಿಯ ತುದಿಯಲ್ಲಿ ಒಂದೇ ಒಂದು ಹನಿ ಅಪ್ಪಟ ಸಿಲಿಕೋನ್ ಎಣ್ಣೆ. ರಿಮೋಟ್ ಕಾರುಗಳ ಶಾಕ್ ಅಬ್ಸಾರ್ಬರಿಗೆ ಹಾಕುವ ಎಣ್ಣೆ ಸರಿಹೋಗುತ್ತದೆ. ಬಾಗಿಲ ಕೀಲಿಗೆ, ಸೈಕಲ್ ಚೈನಿಗೆ ಹಾಕುವ ಪೆಟ್ರೋಲಿಯಂ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಬೇಡವೇ ಬೇಡ. ಬಿಗಿಯಾಗಿ ಕೂತ ಎಬಿಎಸ್ ಭಾಗದ ಮೇಲೆ ಅಂಥ ಎಣ್ಣೆಯಾಗಲಿ ಎನಾಮೆಲ್ ಬಣ್ಣದ ಥಿನ್ನರ್ ಆಗಲಿ ಇಳಿದರೆ, ಒತ್ತಡವಿರುವ ಕಡೆ ಬಿರುಕು ಬಿಡುತ್ತದೆ. ಹಾಕಿದ ದಿನ ಏನೂ ಆಗದು. ವಾರ ಕಳೆದ ಮೇಲೆ ಮುಟ್ಟಿದರೆ ತೊಡೆ ಎರಡು ಹೋಳು. ಪ್ಲಾಸ್ಟಿಕ್ ಮಾದರಿ ಕಟ್ಟುವವರಿಗೆ ಈ ಪಾಠ ಚೆನ್ನಾಗಿಯೇ ಗೊತ್ತಿರುತ್ತದೆ. ಗೊಂಬೆ ಕೊಳ್ಳುವವರು ಪ್ರತಿ ಸಲ ಹೊಸದಾಗಿ ಕಲಿಯುತ್ತಾರೆ.

ಸಡಿಲವಾದ ಕೀಲಿನದು ಇದಕ್ಕೆ ತಿರುಗುಮುರುಗು. ಅದಕ್ಕೆ ಉಗುರುಬಣ್ಣ ಬಳಿಯುವ ಸಲಹೆ ಎಲ್ಲ ಕಡೆ ಓಡಾಡುತ್ತಿದೆ, ಅದು ತಪ್ಪು ಸಲಹೆ. ಉಗುರುಬಣ್ಣದಲ್ಲಿರುವ ದ್ರಾವಕ ಎಬಿಎಸ್ಸನ್ನು ಕರಗಿಸುತ್ತದೆ. ಬಾಲ್ ಜಾಯಿಂಟ್ (ಬಟ್ಟಲಿನೊಳಗೆ ಗುಂಡು ತಿರುಗುವ ಕೀಲು) ಬಿಚ್ಚಲು ಬರುವಂತಿದ್ದರೆ ಗುಂಡಿನ ಮೇಲೆ ನೀರಿನಾಧಾರದ ಅಕ್ರಿಲಿಕ್ ನೆಲದ ಪಾಲಿಶ್ ಒಂದು ತೆಳು ಪದರ ಬಳಿದು ರಾತ್ರಿಯಿಡೀ ಒಣಗಿಸಿ. ಸಾಲದಿದ್ದರೆ ಇನ್ನೊಂದು ಪದರ. ಮರದ ಕೆಲಸದ ಬಿಳಿ ಅಂಟನ್ನು ತೆಳುವಾಗಿ ಬಳಿದರೂ ಆದೀತು, ಬೇಡವಾದಾಗ ನೆನೆಸಿ ಸುಲಿಯಬಹುದು. ಸೂಪರ್ ಗ್ಲೂ ಬಳಸುವುದಾದರೆ ಗುಂಡನ್ನು ಹೊರಗೆ ತೆಗೆದು, ಬಳಿದು, ಪೂರ್ತಿ ಒಣಗಿದ ಮೇಲೆಯೇ ಸಿಕ್ಕಿಸಿ. ಸೂಪರ್ ಗ್ಲೂ ಆವಿ ಪಕ್ಕದ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ, ಹಾಗಾಗಿ ಗಾಳಿಯಾಡುವ ಕಡೆ ಕೂತು ಮಾಡುವ ಕೆಲಸ ಇದು. ಸಿಕ್ಕಿಸುವ ಪೆಗ್ ಸಡಿಲವಾಗಿದ್ದರೆ ಇಷ್ಟೆಲ್ಲ ಬೇಡ, ನಲ್ಲಿ ಜೋಡಿಸುವವರು ಸುತ್ತುವ ಟೆಫ್ಲಾನ್ ಟೇಪ್ ಒಂದು ಸುತ್ತು ಸಾಕು.

ಪೆಗ್ ಮುರಿದೇ ಹೋದರೆ? ಎರಡೂ ಕಡೆಗೆ ಕೈ ಡ್ರಿಲ್‌ನಿಂದ 0.8 ಅಥವಾ 1 ಮಿ.ಮೀ. ತೂತು ಕೊರೆದು, ಅದೇ ದಪ್ಪದ ಹಿತ್ತಾಳೆ ತಂತಿಯನ್ನು ಒಳಗಿಟ್ಟು ಎಪಾಕ್ಸಿ ಹಾಕಬೇಕು. ಬರೀ ಅಂಟು ನಿಲ್ಲುವುದಿಲ್ಲ. ಮುರಿದದ್ದು ಪಿಒಎಂ ಆಗಿದ್ದರಂತೂ ಅಂಟು ಸಿಪ್ಪೆಯ ಹಾಗೆ ಎದ್ದುಬರುತ್ತದೆ, ತಂತಿಯ ಹಿಡಿತವೊಂದೇ ಗತಿ.

6 ಇಂಚಿನ ಸಾಮಾನ್ಯ ಗೊಂಬೆಗಳು: 10ಕ್ಕೆ 7

ಹ್ಯಾಸ್‌ಬ್ರೋ ಕಂಪನಿಯ ಮಾರ್ವೆಲ್ ಲೆಜೆಂಡ್ಸ್ ಥರದವು. ಇವುಗಳಲ್ಲಿ ಮೆದು ಪಿವಿಸಿ ಹೆಚ್ಚು, ಹಾಗಾಗಿ ಬಿದ್ದರೆ ಮುರಿಯುವುದು ಕಮ್ಮಿ, ನಿಂತಲ್ಲೇ ಬಾಗುವುದು ಜಾಸ್ತಿ. ದಿನಗಟ್ಟಲೆ ಒಂದೇ ಕಾಲಿನ ಮೇಲೆ ಭಾರ ಬಿದ್ದರೆ ಪಿವಿಸಿ ನಿಧಾನಕ್ಕೆ ಹರಿದಂತೆ ಬಾಗುತ್ತದೆ. ಕೋಣೆಯ ಬಿಸಿ ಏರಿದಷ್ಟೂ ಬೇಗ. ಬಾಗಿದ ಕಾಲನ್ನು ಹಾಗೆಯೇ ನೆಟ್ಟಗೆ ಮಾಡಿಟ್ಟರೆ ಎರಡೇ ದಿನದಲ್ಲಿ ಮತ್ತೆ ವಾಲುತ್ತದೆ. ಕುದಿದ ನೀರನ್ನು ಒಲೆಯಿಂದಿಳಿಸಿ ನಾಲ್ಕೈದು ನಿಮಿಷ ಆರಲು ಬಿಡಿ. 70–80 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆ ಕಾಲನ್ನು ಅರ್ಧ ನಿಮಿಷದಿಂದ ಒಂದು ನಿಮಿಷ ಅದ್ದಿ, ನೆಟ್ಟಗೆ ಹಿಡಿದು, ಹಾಗೇ ಹಿಡಿದುಕೊಂಡೇ ಐಸ್ ನೀರಿಗೆ ಇಳಿಸಿ ಒಂದು ನಿಮಿಷ ಇಡಿ. ಕೆಲಸ ಆಗುವುದು ಈ ತಣ್ಣೀರಿನಲ್ಲಿ. ಅದನ್ನು ಬಿಟ್ಟರೆ ಬಿಸಿನೀರಿನ ಶ್ರಮವೆಲ್ಲ ದಂಡ. ಕತ್ತಿ, ಈಟಿ, ಬಂದೂಕಿನ ನಳಿಗೆ ಸೊಟ್ಟಗಾಗಿ ಬಂದಿದ್ದರೂ ಇದೇ ಮದ್ದು. ಕಾಗದದ ಸ್ಟಿಕರ್, ಬಟ್ಟೆ, ಬ್ಯಾಟರಿ, ಕಬ್ಬಿಣದ ಪಿನ್ನು ಇರುವ ಭಾಗಗಳನ್ನು ಮಾತ್ರ ನೀರಿಗೆ ಹಾಕಬೇಡಿ.

ಇವುಗಳ ಇನ್ನೊಂದು ದುರ್ಬಲ ಜಾಗ ಮುಖ. ಕಣ್ಣು, ಹುಬ್ಬು, ತುಟಿಗಳನ್ನು ಕುಂಚದಲ್ಲಿ ಬರೆದಿರುವುದಿಲ್ಲ, ಅಚ್ಚು ಹಾಕಿರುತ್ತಾರೆ. ಆ ಅಚ್ಚಿನ ಶಾಯಿ ತೀರಾ ತೆಳು. ಗೋಡೆಯ ಕಲೆ ಉಜ್ಜುವ ಬಿಳಿ ಮೆಲಮೈನ್ ಸ್ಪಂಜು ನೋಡಲು ಮೆದು, ನಿಜದಲ್ಲಿ ಅದು ಬಹಳ ನುಣುಪಾದ ಉಪ್ಪುಕಾಗದ. ನಾಲ್ಕು ಸಲ ಉಜ್ಜಿದರೆ ಹುಬ್ಬು ಮಾಯ. ಐಸೊಪ್ರೊಪೈಲ್ ಆಲ್ಕೋಹಾಲ್ ಅಕ್ರಿಲಿಕ್ ಬಣ್ಣ ಎಬ್ಬಿಸುತ್ತದೆ. ಅಸಿಟೋನ್ ಇರುವ ಉಗುರುಬಣ್ಣ ತೆಗೆಯುವ ದ್ರವವಂತೂ ಗೊಂಬೆಯ ಹತ್ತಿರ ಸುಳಿಯಬಾರದು.

ಜಿಗುಟಿನ ಸಂಗತಿ

ಪ್ಲಾಸ್ಟಿಕ್ ಫಿಗರ್‌ಗಳ ಬಗ್ಗೆ ಬರುವ ದೂರುಗಳಲ್ಲಿ ಇದು ದೊಡ್ಡದು: ಡಬ್ಬದಲ್ಲೇ ಭದ್ರವಾಗಿಟ್ಟ ಗೊಂಬೆ ನಾಲ್ಕು ವರ್ಷಕ್ಕೆ ತೆಗೆದರೆ ಕೈಗೆ ಅಂಟುತ್ತದೆ. ಯಾರೂ ಮುಟ್ಟಿಲ್ಲ, ಏನೂ ಚೆಲ್ಲಿಲ್ಲ. ಪಿವಿಸಿಯನ್ನು ಮೆದು ಮಾಡಲು ಬೆರೆಸಿದ ದ್ರವ, ಪ್ಲಾಸ್ಟಿಸೈಜರ್, ಒಳಗಿನಿಂದ ಮೇಲ್ಮೈಗೆ ಬರುತ್ತದೆ. ತೆರೆದ ಕಪಾಟಿನಲ್ಲಾದರೆ ಅದು ಸ್ವಲ್ಪಸ್ವಲ್ಪವೇ ಗಾಳಿಗೆ ಹೋಗುತ್ತದೆ, ಮುಚ್ಚಿದ ಡಬ್ಬದಲ್ಲಿ ಹೋಗಲು ಜಾಗವಿಲ್ಲದೆ ಮೈಮೇಲೇ ಕೂರುತ್ತದೆ. ಧೂಳು ಬಿದ್ದರೆ ಮುಗಿಯಿತು, ಧೂಳು ಮತ್ತು ಜಿಗುಟು ಸೇರಿ ಬೂದು ಪದರ. 'ಡಬ್ಬ ಒಡೆಯದಿದ್ದರೆ ಹೊಸದಾಗಿಯೇ ಇರುತ್ತದೆ' ಎಂಬ ನಂಬಿಕೆ ಕಾಗದದ ಡಬ್ಬಕ್ಕೆ ಮಾತ್ರ ಸರಿ.

ತೊಳೆಯುವುದು ಕಷ್ಟವಲ್ಲ. ಉಗುರುಬೆಚ್ಚಗಿನ ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕೈದು ಹನಿ. ಹತ್ತು ನಿಮಿಷ ನೆನೆಸಿ, ಮಕ್ಕಳ ಮೆದು ಹಲ್ಲುಜ್ಜುವ ಬ್ರಶ್ಶಿನಿಂದ ಸಂದುಗೊಂದು ಉಜ್ಜಿ, ಎರಡು ಸಲ ಬರೀ ನೀರಿನಲ್ಲಿ ಜಾಲಿಸಿ. ಸೋಪು ಉಳಿದರೆ ಒಣಗಿದ ಮೇಲೆ ಅದೂ ಅಂಟುತ್ತದೆ. ಬಟ್ಟೆಯಿಂದ ಒತ್ತಿ ಒರೆಸಿ, ತಲೆಕೆಳಗಾಗಿ ಒಂದು ದಿನ ನೆರಳಿನಲ್ಲಿ ಒಣಗಿಸಿ. ಟೊಳ್ಳು ಎದೆಯೊಳಗೆ ನೀರು ನಿಲ್ಲುತ್ತದೆ, ಅಲ್ಲಾಡಿಸಿ ಸದ್ದು ಕೇಳಿ. ಜಿಗುಟು ಕೆಲವು ತಿಂಗಳಲ್ಲಿ ಮರಳಿ ಬರಬಹುದು, ಮತ್ತೆ ತೊಳೆಯಿರಿ. ಟಾಲ್ಕಮ್ ಪೌಡರ್ ಹಾಕಿ ಮುಚ್ಚುವುದು ಕಣ್ಣಿಗೆ ಮಣ್ಣೆರಚಿದಂತೆ. ಜಿಗುಟು ಅಡಿಯಲ್ಲೇ ಇರುತ್ತದೆ, ಪೌಡರ್ ಸಂದುಗಳಲ್ಲಿ ಗಟ್ಟಿಯಾಗುತ್ತದೆ.

ಇದೇ ದ್ರವದ ಇನ್ನೊಂದು ಕಾಟ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಮೆದು ಪಿವಿಸಿಯ ಪಾದ ವರ್ಷಗಟ್ಟಲೆ ಪಾಲಿಸ್ಟೈರೀನ್ ಸ್ಟ್ಯಾಂಡಿನ ಮೇಲೆ ಒತ್ತಿಕೊಂಡಿದ್ದರೆ ಸ್ಟ್ಯಾಂಡ್ ಕರಗಿ ಪಾದದ ಆಕಾರದ ಗುಳಿ ಬೀಳುತ್ತದೆ, ಎರಡೂ ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಮಧ್ಯೆ ಪಾಲಿಥೀನ್ ಹಾಳೆಯ ಒಂದು ಚೂರು ಇಟ್ಟರೆ ಸಾಕು.

1/6 ಅಳತೆಯ, ಬಟ್ಟೆ ತೊಟ್ಟ ದುಬಾರಿ ಫಿಗರ್: 10ಕ್ಕೆ 4

12 ಇಂಚಿನ ಆಸುಪಾಸಿನ ಎತ್ತರ, ಕೈಯಿಂದ ಬರೆದ ಮುಖ, ನಿಜವಾದ ಹೊಲಿಗೆ, ಚಿಕ್ಕ ಜಿಪ್ಪು, ಬೆಲ್ಟಿನ ಬಕಲ್. ಮೊದಲ ದಿನಕ್ಕೆ 10ಕ್ಕೆ 10 ಕೊಟ್ಟರೂ ಕಡಿಮೆಯೇ. ಹತ್ತನೇ ವರ್ಷಕ್ಕೆ 4 ಕೊಡಲು ಮುಖ್ಯ ಕಾರಣ ಪ್ಲೆದರ್, ಅಂದರೆ ಕೃತಕ ಚರ್ಮ.

ಅದು ತೆಳು ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್ ಪದರ. ಗಾಳಿಯ ತೇವ ಆ ಪದರದ ರಾಸಾಯನಿಕ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಮೊದಲು ಹೊಳಪು ಹೋಗಿ ಅಂಟಂಟಾಗುತ್ತದೆ, ಆಮೇಲೆ ಮೊಣಕೈ, ಭುಜ, ಕಾಲರಿನ ಮಡಿಕೆಗಳಲ್ಲಿ ಸಣ್ಣ ಬಿರುಕು, ಕೊನೆಗೆ ಸುಟ್ಟ ಕಾಗದದ ಚೂರುಗಳಂತೆ ಉದುರುವಿಕೆ. ಶುರುವಾಗಲು ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಸಾಕು. ಡಬ್ಬದಲ್ಲಿಟ್ಟರೂ ನಿಲ್ಲುವುದಿಲ್ಲ, ಏಕೆಂದರೆ ಬಟ್ಟೆ ತಯಾರಾದ ದಿನದಿಂದಲೇ ಲೆಕ್ಕ ಶುರು. ಎಸ್ಟರ್ ಬಗೆಯ ಪಾಲಿಯುರೆಥೇನ್ ತೇವಕ್ಕೆ ಬೇಗ ಸೋಲುತ್ತದೆ, ಈಥರ್ ಬಗೆ ತೇವವನ್ನು ಹೆಚ್ಚು ತಡೆಯುತ್ತದೆ. ಯಾವುದನ್ನು ಬಳಸಿದ್ದಾರೆಂದು ಡಬ್ಬದ ಮೇಲೆ ಬರೆಯುವ ಪದ್ಧತಿಯಿಲ್ಲ. ಅಷ್ಟು ದುಡ್ಡು ತೆಗೆದುಕೊಂಡವರು ಒಂದು ಸಾಲು ಬರೆದರೆ ಗಂಟೇನು ಹೋಗುತ್ತಿತ್ತು?

ತಡೆಯಲು ಆಗದು, ತಡ ಮಾಡಬಹುದು. ಕಪಾಟಿನ ತೇವಾಂಶ ಶೇ. 40–50ರ ನಡುವೆ ಇರಲಿ. ಒಳಗೊಂದು ಚಿಕ್ಕ ಹೈಗ್ರೋಮೀಟರ್ (ತೇವಾಂಶ ಮಾಪಕ) ಇಟ್ಟು, ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಚೀಲಗಳನ್ನು ಬಣ್ಣ ತಿರುಗಿದ ಕೂಡಲೇ ಬದಲಿಸಿ. ಕೈ ಮಡಚಿದ, ಕೂತ ಭಂಗಿಯಲ್ಲಿ ಬಿಡಬೇಡಿ, ಬಿರುಕು ಶುರುವಾಗುವುದೇ ಮಡಿಕೆಯಲ್ಲಿ. ಕೈಕಾಲು ನೇರ ಬಿಟ್ಟ ಭಂಗಿಯೇ ಕ್ಷೇಮ, ಎಷ್ಟೇ ಸಪ್ಪೆಯಾಗಿ ಕಂಡರೂ. ಶೂ ಪಾಲಿಶ್, ಚರ್ಮದ ಕಂಡೀಷನರ್, ತೆಂಗಿನೆಣ್ಣೆ ಯಾವುದೂ ಕೆಲಸಕ್ಕೆ ಬಾರದು. ಅವೆಲ್ಲ ನಿಜವಾದ ಚರ್ಮಕ್ಕೆ, ಇದು ಪ್ಲಾಸ್ಟಿಕ್. ಉದುರಲು ಶುರುವಾದ ಜಾಕೆಟ್ಟಿಗೆ ಬಣ್ಣ ಬಳಿಯುವುದೂ ವ್ಯರ್ಥ. ಬಟ್ಟೆಯನ್ನೇ ಬದಲಿಸಬೇಕು. ಬದಲಿಸುವಾಗ ತೆಳು ನಿಜಚರ್ಮದಲ್ಲಿ ಹೊಲಿಸಿದರೆ ಇನ್ನೊಮ್ಮೆ ಹೊಲಿಸುವ ಪ್ರಮೇಯ ಬೇಗ ಬಾರದು.

ಬಟ್ಟೆಯ ಎರಡನೇ ತೊಂದರೆ ಬಣ್ಣ ಬಿಡುವುದು. ಕಪ್ಪು, ಕೆಂಪು, ಗಾಢ ನೀಲಿ ಬಟ್ಟೆಯ ಬಣ್ಣವನ್ನು ಅಡಿಯ ಮೆದು ಪಿವಿಸಿ ಹೀರಿಕೊಳ್ಳುತ್ತದೆ. ಕುತ್ತಿಗೆ, ಮಣಿಕಟ್ಟುಗಳಲ್ಲಿ ಬಟ್ಟೆ ತಾಗುವಲ್ಲಿ ತೆಳು ಪಾಲಿಥೀನ್ ಪಟ್ಟಿ ಸುತ್ತಿ ಮೇಲೆ ಬಟ್ಟೆ ಹಾಕಿ. ಕಲೆ ಆಗಿಹೋಗಿದ್ದರೆ ಮೊಡವೆಗೆ ಹಚ್ಚುವ ಶೇ. 10ರ ಬೆಂಜಾಯಿಲ್ ಪೆರಾಕ್ಸೈಡ್ ಕ್ರೀಮನ್ನು ಬಣ್ಣ ಬಳಿಯದ ಬರಿ ಪಿವಿಸಿಯ ಮೇಲೆ ಮಾತ್ರ ಹಚ್ಚಿ, ಒಣಗದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ದಿನಕ್ಕೊಮ್ಮೆ ತೆಗೆದು ನೋಡುತ್ತಿರಿ. ಕೆಲವು ದಿನ ಹಿಡಿಯುತ್ತದೆ. ಜಾಸ್ತಿ ಬಿಟ್ಟರೆ ಕಲೆಯ ಜೊತೆ ಮೈಬಣ್ಣವೂ ಬಿಳಿಚುತ್ತದೆ.

ಕಣ್ಣು ಹೊಳೆಯುವ, ಎದೆ ಮಿನುಗುವ ಫಿಗರ್‌ಗಳಲ್ಲಿ ಎಲ್ಆರ್44 ಥರದ ಗುಂಡಿ ಬ್ಯಾಟರಿ ಇರುತ್ತದೆ. ಫೋಟೋ ತೆಗೆದ ಮೇಲೆ ಹೊರಗೆ ತೆಗೆದಿಡಿ. ಸೋರಿದ ಬ್ಯಾಟರಿಯಿಂದ ಬರುವ ಬಿಳಿ-ಹಸಿರು ಹರಳು ಕ್ಷಾರ. ವಿನೆಗರ್ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿದರೆ ನೊರೆದು ಬಿಡುತ್ತದೆ. ನಂತರ ಲೋಹದ ತಗಡಿಗೆ ಮಾತ್ರ, ಸುತ್ತಲಿನ ಬಣ್ಣಕ್ಕೆ ತಾಗದಂತೆ, ಐಸೊಪ್ರೊಪೈಲ್ ಆಲ್ಕೋಹಾಲ್.

ಹಳೆಯ 3¾ ಇಂಚಿನವು: ರಬ್ಬರ್ ಬದಲಿಸಿದರೆ 10ಕ್ಕೆ 8

1982ರಲ್ಲಿ ಬಂದ ಚಿಕ್ಕ ಜಿ.ಐ. ಜೋ ಸೈನಿಕ ಗೊಂಬೆಗಳ ಸೊಂಟ ಕಪ್ಪು ರಬ್ಬರಿನ ಓ-ರಿಂಗ್ (ದುಂಡು ಉಂಗುರ) ಮೇಲೆ ನಿಂತಿದೆ. ರಬ್ಬರ್ ಒಣಗಿ ತುಂಡಾದರೆ ಗೊಂಬೆ ಎರಡು ಭಾಗ. ಇದನ್ನು ಹಾಳಾಯಿತು ಎಂದು ಬಿಸಾಡುವವರಿದ್ದಾರೆ, ಪಾಪ. ಬೆನ್ನಿನ ಒಂದೇ ಸ್ಕ್ರೂ ಬಿಚ್ಚಿದರೆ ಎದೆಯ ಎರಡು ಹೋಳುಗಳು ಬಿಡಿಸಿಕೊಳ್ಳುತ್ತವೆ. ಕಾಲುಗಳ ನಡುವಿನ ಲೋಹದ ಕೊಕ್ಕೆಗೆ ಹೊಸ ರಿಂಗ್ ಸಿಕ್ಕಿಸಿ, ಸೊಂಟದ ಭಾಗದ ಮೂಲಕ ಮೇಲೆಳೆದು, ಎದೆಯೊಳಗಿನ ಕಂಬಕ್ಕೆ ಹಾಕಿ ಮುಚ್ಚಬೇಕು. ಸ್ಕ್ರೂವನ್ನು ಮೊದಲು ಎಡಕ್ಕೆ ತಿರುಗಿಸಿ 'ಟಕ್' ಎಂದು ಹಳೆಯ ಗೆರೆಗೆ ಬಿದ್ದ ಮೇಲೆ ಬಲಕ್ಕೆ ತಿರುಗಿಸಿ. ಹಾಗೆ ಮಾಡದಿದ್ದರೆ ಹೊಸ ಗೆರೆ ಕೊರೆದು ತೂತು ಸಡಿಲವಾಗುತ್ತದೆ. ರಿಂಗ್ ತೀರಾ ಬಿಗಿಯಾಗಿದ್ದರೆ ಸೊಂಟದ ಕವಲು ಮುರಿಯುತ್ತದೆ, ಹೆಬ್ಬೆರಳಿನ ನಂತರ ಇವುಗಳಲ್ಲಿ ಬೇಗ ಹೋಗುವ ಜಾಗ ಅದು. ಬಂದೂಕನ್ನು ಕೈಯೊಳಗೆ ತುರುಕುವ ಮುಂಚೆ ಬೆರಳಿಗೆ ಸ್ವಲ್ಪ ಬಿಸಿ ಕೊಟ್ಟರೆ ಹೆಬ್ಬೆರಳು ಉಳಿಯುತ್ತದೆ.

ಹಳೆಯ ಕೆಲವು ಟ್ರಾನ್ಸ್‌ಫಾರ್ಮರ್ ರೋಬೋ ಗೊಂಬೆಗಳಲ್ಲಿ ಚಿನ್ನದ ಮಿನುಗು ಬೆರೆತ ಪ್ಲಾಸ್ಟಿಕ್ ಇರುತ್ತದೆ. ಸಂಗ್ರಾಹಕರು 'ಗೋಲ್ಡ್ ಪ್ಲಾಸ್ಟಿಕ್ ಸಿಂಡ್ರೋಮ್' ಎನ್ನುವುದು ಇದಕ್ಕೆ. ಎಷ್ಟು ಜೋಪಾನ ಮಾಡಿದರೂ ಒಂದು ದಿನ ಹಪ್ಪಳದಂತೆ ಪುಡಿಯಾಗುತ್ತದೆ. ಕೀಲು ಆಡಿಸದೆ ಇಡುವುದಷ್ಟೇ ಸಾಧ್ಯ.

ಕಪಾಟು, ಬೆಳಕು, ಡಬ್ಬ

ಬಿಸಿಲು ನೇರ ಬೀಳುವ ಕಡೆ ಇಟ್ಟ ಬಿಳಿ ಎಬಿಎಸ್ ಹಳದಿಯಾಗುತ್ತದೆ, ಕೆಂಪು ಬಣ್ಣ ಮೊದಲು ಮಾಸುತ್ತದೆ. ಕಿಟಕಿಯ ಗಾಜು ಅತಿನೇರಳೆಯನ್ನು ಪೂರ್ತಿ ತಡೆಯುವುದಿಲ್ಲ. ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ. ಬೆಳಕಿಗೆ ಬೇಗ ಸೋಲುವ ವಸ್ತುಗಳಿಗೆ ಸಂಗ್ರಹಾಲಯಗಳು ಇಡುವ ಮಿತಿ 50 ಲಕ್ಸ್. ಮನೆಯಲ್ಲಿ ಅಷ್ಟು ಮಂದ ಬೆಳಕಿನಲ್ಲಿ ಯಾರೂ ಪ್ರದರ್ಶಿಸುವುದಿಲ್ಲ, ಹಾಗಾಗಿ ನೋಡುವಾಗ ಮಾತ್ರ ದೀಪ ಹಚ್ಚುವುದೇ ದಾರಿ. ಎಲ್ಇಡಿ ಪಟ್ಟಿಯಲ್ಲಿ ಅತಿನೇರಳೆ ತೀರಾ ಕಡಿಮೆ, ಬಿಸಿ ಮಾತ್ರ ಇದೆ. ಅದರ ಅಡಾಪ್ಟರ್ ಗಾಜಿನ ಕಪಾಟಿನ ಹೊರಗಿರಲಿ. ಹಳದಿಯಾದದ್ದನ್ನು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬೆಳಕಿನಿಂದ ಬಿಳಿ ಮಾಡಬಹುದು, ಆದರೆ ಹಳದಿ ಎಷ್ಟೋ ಸಲ ಮರಳಿ ಬರುತ್ತದೆ. ಬಣ್ಣ ಬಳಿದ ಭಾಗಕ್ಕಂತೂ ಆ ಸಾಹಸ ಬೇಡ.

ಧೂಳಿಗೆ ಮೇಕಪ್ಪಿನ ಮೆದು ಬ್ರಶ್ಶು, ಕ್ಯಾಮೆರಾ ಲೆನ್ಸಿನ ರಬ್ಬರ್ ಬ್ಲೋವರ್ ಸಾಕು. ತಿಂಗಳಿಗೊಮ್ಮೆ.

ಎತ್ತಿಡುವಾಗ ಕೈಗೆ ಸಿಗುವ ಮೊದಲ ವಸ್ತುಗಳೇ ಅಪಾಯದವು. ರಬ್ಬರ್ ಬ್ಯಾಂಡ್ ಕೆಲವು ವರ್ಷದಲ್ಲಿ ಕರಗಿ ಕಂದು ಗೆರೆ ಬಿಡುತ್ತದೆ, ಆ ಕಲೆ ಹೋಗುವುದಿಲ್ಲ. ಸುದ್ದಿಪತ್ರಿಕೆಯ ಶಾಯಿ ಪಿವಿಸಿಗೆ ಇಳಿಯುತ್ತದೆ. ಬಬಲ್ ರ‍್ಯಾಪ್ ನೇರ ತಾಗಿದರೆ ಜಿಗುಟು ಬಣ್ಣದ ಮೇಲೆ ಗುಳ್ಳೆಗಳ ಉಂಗುರ ಮೂಡುತ್ತದೆ. ಮೊದಲು ಆಮ್ಲರಹಿತ ಟಿಶ್ಯೂ ಕಾಗದ, ಅದರ ಮೇಲೆ ಬೇಕಾದ್ದು ಸುತ್ತಿ, ಪಾಲಿಪ್ರೊಪಿಲೀನ್ ಡಬ್ಬದಲ್ಲಿಡಿ, ಮುಚ್ಚಳವನ್ನು ಗಾಳಿಯಾಡದಷ್ಟು ಬಿಗಿ ಮಾಡಬೇಡಿ. ಮೂಲ ಡಬ್ಬದಲ್ಲೇ ಇಡುವುದಾದರೆ ಕೈಕಾಲಿಗೆ ಸುತ್ತಿದ ತಂತಿಯನ್ನು ಬಿಚ್ಚಿ ತೆಗೆಯಿರಿ, ಪಿವಿಸಿಯಲ್ಲಿ ಅದು ಗೆರೆ ಕೊರೆಯುತ್ತದೆ. ಆರು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಅರ್ಧ ದಿನ ಗಾಳಿಗೆ ಬಿಡಿ. ತೆಗೆದ ಕೂಡಲೇ ಪ್ಲಾಸ್ಟಿಕ್ ವಾಸನೆ ಮೂಗಿಗೆ ಹೊಡೆದರೆ, ಬೆರಳು ತಾಗಿಸಿ ನೋಡಿ. ಅಂಟಿದರೆ ಅಂದೇ ತೊಳೆಯುವ ದಿನ.